ಶೀಟಿನವರು

ಹೊಸ ಮೋಲ್ಡಿನ ಮೇಲೆ ನೀರು ಕಟ್ಟಿದಾಗ ಏಳುವ ಹಸಿ ಸಿಮೆಂಟಿನ ವಾಸನೆ ಈಗಲೂ ನನ್ನನ್ನು, ನಾನೀಗ ಇರುವ ರಾಮಕೃಷ್ಣನಗರದ ನಡುಬೀದಿಯಲ್ಲಿ, ನಿಲ್ಲಿಸಿಬಿಡುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ವಿದ್ಯಾರಣ್ಯಪುರಂನಲ್ಲಿ ಇದ್ದದ್ದು ಎರಡೇ ಜಾತಿ: ಕಾಂಕ್ರೀಟು ಸೂರಿನ ‘ಮೋಲ್ಡಿನವರು’, ಸಿಮೆಂಟ್ ಶೀಟು ಹೊದಿಸಿದ ‘ಶೀಟಿನವರು’. ಬೇರೆ ಜಾತಿಗಳಿರಲಿಲ್ಲವೇ ಎಂದು ನೀವು ಆಕ್ಷೇಪಿಸಬಹುದು. ಇದ್ದವು. ಆದರೆ ಹೆಣ್ಣು ನೋಡಲು ಬರುವವರು ಹೇಗೂ ಸ್ವಜಾತಿಯವರೇ. ಆಮೇಲೆ ಅವರು ತಲೆಯೆತ್ತಿ ನೋಡುತ್ತಿದ್ದುದು ಸೂರನ್ನು.

ನಾವು ಶೀಟಿನವರು. ಓನರಮ್ಮನ ಮೋಲ್ಡಿನ ಮನೆಯ ಹಿಂದೆ ನಮ್ಮ ಬಾಡಿಗೆಯ ಎರಡು ಕೋಣೆ. ಅಲ್ಲಿ ಅಜ್ಜಿಯ ವಿಭೂತಿಯ ತಣ್ಣನೆ ಪರಿಮಳ, ಅಪ್ಪನ ತಂಗಿ ಗೌರತ್ತೆಯ ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆ, ಮಧ್ಯಾಹ್ನದ ಬಿಸಿಲಿಗೆ ಶೀಟು ಟಕ್ಕೆನ್ನುವ ಸದ್ದು. ಗೌರತ್ತೆಯನ್ನು ನೋಡಲು ನಂಜನಗೂಡಿನಿಂದ ಗಂಡಿನವರು ಬರುವುದಿದ್ದಾಗ ಓನರಮ್ಮ ತಾವಾಗಿಯೇ ಅಜ್ಜಿಗೆ ಹೇಳಿದರು: “ನಮ್ಮ ಹಾಲ್‌ನಲ್ಲೇ ಕೂರಿಸ್ಬುಡಿ ಕಣಮ್ಮ. ಹಿಂಬಾಗಿಲಿಂದ ಕಾಫಿ ತಂದ್ರೆ ಅಡುಗೆಮನೆಯಿಂದ ಬಂತು ಅನ್ಕೋತಾರೆ.” ಅಜ್ಜಿ ಕಣ್ಣೊರೆಸಿಕೊಂಡರು. ನನಗೆ ಒಂಬತ್ತು ವರ್ಷ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಅಮಲು ಇನ್ನೂ ಇಳಿದಿರಲಿಲ್ಲ. ಜಡೆ ಹಾಕಿಕೊಳ್ಳುತ್ತಿದ್ದ ಅತ್ತೆಯ ಮುಂದೆ ಹೋಗಿ ನಿಂತೆ. “ಮದುವೆ ಆದ್ಮೇಲೆ ಅವರನ್ನ ಹಬ್ಬಕ್ಕೆ ಕರೀಬೇಕಲ್ಲ? ಆಗ್ಲೂ ಓನರಮ್ಮನ ಮನೆಗೇ ಕರೀತೀಯಾ?”

“ಬಂದ್ಬುಟ್ಳಪ್ಪ ಲಾಯರಮ್ಮ,” ಎಂದು ನಕ್ಕಳು. ಜಡೆ ಮಾತ್ರ ಅರ್ಧಕ್ಕೇ ನಿಂತಿತ್ತು.

ಬಂದವರಿಗೆ ಓನರಮ್ಮನ ಹಾಲ್ ಮೆಚ್ಚಿಗೆಯಾಯಿತು. “ಮನೆ ಅಚ್ಚುಕಟ್ಟಾಗಿದೆ ಕಣ್ರೀ,” ಎಂದರು ಗಂಡಿನ ತಾಯಿ. ಗೌರತ್ತೆ ಕಾಫಿಯ ತಟ್ಟೆಯನ್ನು ಕೆಳಗಿಟ್ಟು, “ಇದು ನಮ್ಮದಲ್ಲ. ನಮ್ಮದು ಹಿಂದೆ, ಶೀಟಿನದು. ಬನ್ನಿ, ನೋಡಿ,” ಎಂದಳು. ಯಾರೂ ಹಿಂದೆ ಹೋಗಲಿಲ್ಲ. “ಶೀಟಿನೋರು ಅಂತ ಮೊದ್ಲೇ ಹೇಳ್ಬಾರ್ದಿತ್ತಾ?” ಎಂದು ಗಂಡಿನ ತಾಯಿ ಹೊಸ್ತಿಲಲ್ಲೇ ಚಪ್ಪಲಿ ಮೆಟ್ಟಿಕೊಂಡರು.

ಸಂಜೆ ಆಲಿಕಲ್ಲು ಮಳೆ. ಶೀಟಿನ ಕೆಳಗೆ ಬದುಕಿದವರಿಗೆ ಗೊತ್ತು, ಅಂಥ ಹೊತ್ತಿನಲ್ಲಿ ಪಕ್ಕದವರ ಮಾತೂ ಕೇಳಿಸದು. ಅಜ್ಜಿಯ ಬಾಯಿ ಬೈಯುತ್ತಿರುವಂತೆ ಆಡುತ್ತಿತ್ತು. ಗೌರತ್ತೆ ನನ್ನನ್ನೇ ನೋಡುತ್ತ ಏನೋ ಹೇಳಿದಳು. ಸಣ್ಣ ಮಾತಲ್ಲ, ನಾಲ್ಕೈದು ವಾಕ್ಯ. ನಾನು ಕೇಳಿಸಿಕೊಂಡವಳಂತೆ ತಲೆಯಾಡಿಸಿದೆ.

ಆಮೇಲೆ ಯಾವ ಸಂಬಂಧವೂ ಕೂಡಿಬರಲಿಲ್ಲ. ಆ ಕೋಣೆಗಳನ್ನು ಕೆಡವಿದ್ದಾರೆ. ಹೋದ ವರ್ಷ ಅತ್ತೆಯೂ ಹೋದಳು. ನನ್ನ ವಾದ ಅಂದೂ ಸರಿ, ಇಂದೂ ಸರಿ. ಯಾವ ವೇದಿಕೆಯಲ್ಲಿ ಬೇಕಾದರೂ ಗೆಲ್ಲಬಲ್ಲೆ. ಆದರೆ ಅತ್ತೆ ಏನೆಂದಳೆಂದು ಮಳೆ ನಿಂತ ಮೇಲೆ ಕೇಳಬಹುದಿತ್ತು. ಎಲ್ಲರನ್ನೂ ಎಲ್ಲವನ್ನೂ ಕೇಳುತ್ತಿದ್ದ ನಾನು ಅದೊಂದನ್ನು, ಅಷ್ಟು ವರ್ಷ, ಕೇಳಲಿಲ್ಲ.