ಕಿವಿ ಎಣಿಸಿದ ದುಂಬಿಗಳು

ಇಪ್ಪತ್ತೆರಡು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳಿಗೆ ಕಣ್ಣಿಗಿಂತ ಕಿವಿಯ ಮೇಲೆ ಭರವಸೆ. ಯಾವ ಯಂತ್ರದ ಲಯ ತಪ್ಪಿತೆಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದಳು. ಗಿರಣಿ ಮುಚ್ಚಿದ ಮೇಲೆ, ಬಿತ್ತನೆಬೀಜದ ತೋಟದ ಮೇಲ್ವಿಚಾರಕಿಯಾಗಿದ್ದ ನಾದಿನಿ ಅಲ್ಲಿಯೇ ಕೆಲಸ ಕೊಡಿಸಿದಳು: ಕೆಂಪು ಹೂವಿನ ಬೀನ್ಸ್ ಸಾಲಿನ ಪಕ್ಕ ಕೂತು, ಗಂಟೆಗೆಷ್ಟು ದುಂಬಿ ಬಂದವೆಂದು ಗೀಟು ಹಾಕುವುದು. ಅವಳು ಹಾಳೆಯ ಮೇಲೆ ಕಣ್ಣಿಟ್ಟು, ಗುಂಯ್‌ಗುಟ್ಟಿದ್ದಕ್ಕೆಲ್ಲ ಗೀಟೆಳೆದಳು. ಮೂರು ವಾರದ ಎಣಿಕೆ ಭರ್ಜರಿಯಾಗಿತ್ತು. ಅದನ್ನು ನಂಬಿ, ಈ ಬಾರಿ ಹೊರಗಿನಿಂದ ದುಂಬಿಗೂಡು ತರಿಸುವುದು ಬೇಡವೆಂದು ನಾದಿನಿ ಸಹಿ ಹಾಕಿದ್ದಳು.

ಆ ಬೆಳಿಗ್ಗೆ ಜಾರಿದ ಪೆನ್ನು ಎತ್ತಿಕೊಳ್ಳಲು ಬಗ್ಗಿದಾಗ, ಸದ್ದು ಬರುತ್ತಿದ್ದುದು ಬುಡದ ಕಳೆಹೂಗಳಿಂದ ಎಂಬುದು ಕಂಡಿತು. ಮೈತುಂಬ ಕಂದು ರೋಮ, ಥೇಟ್ ಮರಿದುಂಬಿ. ಆದರೆ ರೆಕ್ಕೆ ನಾಲ್ಕಲ್ಲ, ಎರಡೇ. ಸೂಜಿಯಂತೆ ಮುಂಚಾಚಿದ ಸೊಂಡಿಲು. ಕಡ್ಡಿಗಾಲುಗಳಲ್ಲಿ ಪರಾಗದ ಉಂಡೆಯಿಲ್ಲ. ಅದು ನೊಣ. ಕಳೆಹೂವಿನ ಪರಾಗವನ್ನು ಅದೂ ಒಂದಿಷ್ಟು ಹೊತ್ತೀತು. ಬೀನ್ಸ್ ಹೂವಾದರೋ ಬಾಯಿ ಬಿಡುವುದು ದುಂಬಿ ಧೊಪ್ಪನೆ ಕೂತು ದಳವನ್ನು ಅದುಮಿದಾಗ; ಕಾಯಿ ಕಟ್ಟುವುದೂ ಆಗಲೇ.

ಗೂಡು ಕೇಳಲು ಅಂದು ಹನ್ನೆರಡರವರೆಗೆ ಮಾತ್ರ ಗಡುವು. ಅವಳು ಕೂತಳು, ಎದ್ದಳು, ಸಾಲಿನುದ್ದಕ್ಕೂ ನಾಲ್ಕು ಬಾರಿ ಸುತ್ತಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು; ಕಾಯಿ ಕಟ್ಟದಿದ್ದರೆ ಹವೆಯನ್ನು ದೂರಿದರಾಯಿತು. ಹೇಳಿದರೆ ತನ್ನ ಕೆಲಸಕ್ಕೂ ನಾದಿನಿಯ ಮಾತಿಗೂ ಕುತ್ತು. ಹನ್ನೊಂದೂವರೆಗೆ ಕಚೇರಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟಳು.

ನಾದಿನಿ ಹಾಳೆಗಳಿಂದ ತಲೆ ಎತ್ತಲಿಲ್ಲ. "ಇವತ್ತಿಂದ ಸರಿಯಾಗಿ ಬರೀರಿ ಅತ್ತಿಗೆ. ಹಳೇದನ್ನ ಯಾಕೆ ಕೆದಕ್ತೀರಿ? ಅದರ ಕೆಳಗೆ ನನ್ನ ಸಹಿ ಇದೆ."

"ಹಳೇದು ಹಾಗೇ ಇದ್ರೆ, ಗೂಡು ಯಾಕೆ ಬೇಕು ಅಂತ ಮೇಲಿನವರು ಕೇಳ್ತಾರಲ್ಲಮ್ಮ."

"ನಮ್ಮ ಅತ್ತಿಗೆ ಕಿವಿ ಬಲು ಚುರುಕು ಅಂತ ಎಲ್ಲರ ಹತ್ರ ಕೊಚ್ಚಿಕೊಂಡಿದ್ದೆ."

"ಚುರುಕೇ. ಒಂದು ನೊಣಾನೂ ಬಿಡ್ಲಿಲ್ಲ."

ನಾದಿನಿ ನಗಲಿಲ್ಲ. ಗಡಿಯಾರ ನೋಡಿದಳು, ಹಾಳೆಗಳನ್ನು ಇವಳತ್ತ ತಳ್ಳಿ ಫೋನೆತ್ತಿಕೊಂಡಳು. ಇವಳು ಒಂದೊಂದನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಗೂಡು ಬರಲು ನಾಲ್ಕು ದಿನ ಬೇಕಂತೆ. ಹೂ ಉಳಿಯುವುದು ಆರು ದಿನ. ನಾಳೆಗೂ ತನಗೆ ಕೆಲಸವಿದೆಯೇ ಎಂದು ಇವಳು ಕೇಳಲಿಲ್ಲ, ನಾದಿನಿ ಹೇಳಲಿಲ್ಲ.

ಸಂಜೆಯವರೆಗೆ ಇವಳು ಹೂಗಳನ್ನೇ ದಿಟ್ಟಿಸುತ್ತ ಕೂತಳು. ಹಾಳೆಯ ಮೇಲೆ ಬಿದ್ದ ಗೀಟು ಎರಡು.