ಒದ್ದೆ ಚಾವಣಿ, ಒಣ ಅಂಚು

ನನ್ನ ಹೆಂಡತಿ ನನ್ನನ್ನು ತರಕಾರಿ ಅಂಗಡಿಗೆ ಕರೆದುಕೊಂಡು ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು. ನಾನು ಬದನೆಕಾಯಿಯ ತೊಟ್ಟು ಎತ್ತಿ ನೋಡುತ್ತೇನೆ, ಬೆಂಡೆಕಾಯಿಯ ತುದಿ ಮುರಿಯುತ್ತೇನೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಹೊಟ್ಟೆಪಾಡಿನ ಕೆಲಸವೂ ಅದೇ: ಗಣಿಗಳಿಗೆ ಹೋಗುವ ಯಂತ್ರದ ಭಾಗಗಳಲ್ಲಿ ತಪ್ಪು ಹುಡುಕುವುದು. ಮೊದಲು ಬೆಂಗಳೂರಿನಲ್ಲಿ, ಆಮೇಲೆ ಪರ್ತ್‌ನಲ್ಲಿ, ಬೇರೆಯವರ ತಪ್ಪು ಹುಡುಕಿಯೇ ಅನ್ನ ತಿಂದಿದ್ದೇನೆ.

ಇಂಥವನು ಹಳೆಯ ಕ್ಯಾಂಪರ್ ಟ್ರೈಲರ್ ಕೊಳ್ಳಲು ಹೊರಟರೆ ಹೇಗಿರಬೇಡ! ಕ್ಯಾಂಪರ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಹಿಡಿಕೆ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ, ಸುತ್ತ ಕ್ಯಾನ್ವಾಸ್ ಗೋಡೆ, ಒಳಗೆ ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ. ಅದಕ್ಕಿರುವ ಶತ್ರು ನೀರು. ಹೊರಗೆ ಎಷ್ಟೇ ಹೊಳೆಯುತ್ತಿದ್ದರೂ ಒಳಗಿನ ಪ್ಲೈವುಡ್ ಕೊಳೆತಿದ್ದರೆ ಕೊಂಡವನ ಕಥೆ ಮುಗಿಯಿತು. ಹಾಗಾಗಿ ಐದು ಗಾಡಿಗಳನ್ನು ನೋಡಿ ಬೇಡ ಅಂದೆ. ಒಬ್ಬರು ಒಳಗೆಲ್ಲ ನಿಂಬೆ ವಾಸನೆಯ ಸ್ಪ್ರೇ ಹೊಡೆದಿದ್ದರು. ಬಾಗಿಲಲ್ಲೇ ಮೂಗು ಎಳೆದು ವಾಪಸ್ಸು ಬಂದೆ.

ಆರನೆಯದು ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ, ಮೈಸೂರಿನ ಅಂಕಲ್ ಆಂಟಿಯದು. ನಮ್ಮ ಕನ್ನಡದವರ ಊಟಗಳಲ್ಲಿ ಪರಿಚಯವಾಗಿದ್ದವರು. ಅಂಕಲ್‌ಗೆ ಮಂಡಿನೋವು ಶುರುವಾಗಿ ಕ್ಯಾಂಪರಿನ ಹಾಸಿಗೆ ಹತ್ತಲಾರದೆ ಮಾರಲು ಹೊರಟಿದ್ದರು. ಪರಿಚಯವೆಂದು ನಾನೇನೂ ರಿಯಾಯಿತಿ ತೋರಿಸಲಿಲ್ಲ. ಮೂರು ಗಂಟೆ ನೋಡಿದೆ. ಹಾಸಿಗೆ ಎತ್ತಿ ಮೂಲೆಗಳನ್ನು ಮೂಸಿದೆ, ಚಾವಣಿಯನ್ನು ಗೇಣುಗೇಣಿಗೂ ಹೆಬ್ಬೆರಳಿನಿಂದ ಒತ್ತಿದೆ, ಟಾರ್ಚ್ ಹಿಡಿದು ತುಕ್ಕು ಹಿಡಿದ ತಿರುಪು ಹುಡುಕಿದೆ. ಕೊನೆಗೆ ಅಂಕಲ್ ಕೈಗೆ ನೀರಿನ ಪೈಪು ಕೊಟ್ಟು, ಅರ್ಧ ಗಂಟೆ ಚಾವಣಿಯ ಮೇಲೆ ನೀರು ಬಿಡಿ ಎಂದು ಹೇಳಿ, ಇಲ್ಲಿನ ಫೆಬ್ರವರಿಯ ನಡುಬೇಸಿಗೆಯ ಸೆಕೆಯಲ್ಲಿ ಒಳಗೆ ಬಾಗಿಲು ಹಾಕಿಕೊಂಡು ಕುಳಿತೆ.

“ಏನಪ್ಪಾ, ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ವಲ್ಲೋ,” ಎಂದರು ಅಂಕಲ್ ಹೊರಗಿನಿಂದ.

ಒಂದು ಹನಿಯೂ ಒಳಗೆ ಬರಲಿಲ್ಲ. ನೀರು ಇಳಿಯದಂತೆ ಚಾವಣಿಯ ಅಂಚಿಗೆ ಹಾಕಿದ್ದ ಸೀಲಂಟ್ ಅಂಟಿನ ಗೆರೆ ರವಿಕೆಯ ಅಂಚು ಹೊಲಿದಷ್ಟು ನೇರವಾಗಿತ್ತು. ಎಲ್ಲಿಯೂ ತಪ್ಪು ಸಿಗದೆ ನನಗೆ ಸ್ವಲ್ಪ ನಿರಾಸೆಯೇ ಆಯಿತು ಎನ್ನಬೇಕು. ಆಂಟಿ ಕೊಟ್ಟ ಕಾಫಿ ಕುಡಿದು, ಗಾಡಿಯನ್ನು ಕಾರಿಗೆ ಕಟ್ಟಿಕೊಂಡು ಬಂದೆವು.

ಆ ವರ್ಷ ನಾವು ಅಲೆದದ್ದಕ್ಕೆ ಲೆಕ್ಕವಿಲ್ಲ. ಬಸ್ಸಲ್ಟನ್, ಆಲ್ಬನಿ, ರಜೆ ಎಂದರೆ ಗಾಡಿ ಹೊರಟಿತೆಂದೇ ಅರ್ಥ. ಮೊದಲ ಸಲ ಸಮುದ್ರದ ಪಕ್ಕ, ಇಂಥ ಗಾಡಿಗಳು ತಂಗುವ ಕ್ಯಾರವಾನ್ ಪಾರ್ಕಿನಲ್ಲಿ ಹೊರಗೆ ಮೇಜು ಹಾಕಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟೆವು. ಪಕ್ಕದಲ್ಲಿ ಬಾರ್ಬೆಕ್ಯೂ ಒಲೆಯ ಮೇಲೆ ಸಾಸೇಜ್ ಸುಡುತ್ತಿದ್ದ ಮುದುಕ ಕೆಮ್ಮಿದ. ಎರಡೇ ಸಲ. ನಮ್ಮ ಘಾಟಿಗೋ, ಅವನ ನೆಗಡಿಗೋ ದೇವರೇ ಬಲ್ಲ. ನನಗಂತೂ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಂದಿನಿಂದ ನಮ್ಮ ಅಡುಗೆ ಒಳಗೇ, ಕಿಟಕಿಗಳ ಜಿಪ್ ಪೂರ್ತಿ ಎಳೆದು ಮುಚ್ಚಿ. “ಅಪ್ಪಾ, ಇಟ್ಸ್ ಸೋ ಹಾಟ್,” ಎಂದು ಮಗಳು ಗೊಣಗುತ್ತಿದ್ದಳು. ಆದರೆ ಕುಕ್ಕರ್ ಇಳಿಸಿ ಬಿಸಿಬೇಳೆಭಾತಿನ ಮೇಲೆ ತುಪ್ಪ ಹಾಕಿಕೊಂಡ ಮೇಲೆ ಅವಳೂ ಗೊಣಗುತ್ತಿರಲಿಲ್ಲ. ಮೂವರೂ ಮಂಡಿಗೆ ಮಂಡಿ ತಾಗಿಸಿ ಕುಳಿತು ಉಣ್ಣುವ ಆ ಸುಖ ನಮ್ಮ ದೊಡ್ಡ ಮನೆಯಲ್ಲಿ ನನಗೆ ಸಿಕ್ಕಿಲ್ಲ.

ಮಳೆಗಾಲ ಕಳೆದು ಸೆಪ್ಟೆಂಬರಿನಲ್ಲಿ ಚಾವಣಿ ಎತ್ತಿದರೆ ಒಳಗಿನಿಂದ ಮುಗ್ಗಲು ವಾಸನೆ. ಚಾವಣಿಯ ನಡುವೆ ತಟ್ಟೆಯಗಲದ ಕಂದು ಕಲೆ. ಒತ್ತಿದೆ. ಹೆಬ್ಬೆರಳು ಮೆತ್ತಗೆ ಒಳಗೆ ಹೋಯಿತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಪೈಪು ಹಿಡಿಸಿ ಕುಳಿತಿದ್ದ ನನಗೇ ಮೋಸ ಮಾಡಿದರಲ್ಲ ಎಂಬ ಉರಿಯಲ್ಲಿ, ಗಾಡಿಯೊಳಗಿಂದಲೇ ಫೋನ್ ಹಚ್ಚಿದೆ.

“ಅಂಕಲ್, ನೀರು ಕುಡಿದ ಗಾಡೀನ ನನ್ನ ತಲೆಗೆ ಕಟ್ಬಿಟ್ರಲ್ಲಾ! ನಮ್ಮೋರು ಅಂತ ನಂಬಿದ್ದಕ್ಕೆ ಇದಾ ಮಾಡೋದು?”

“ಇರಬಹುದು ಕಣಪ್ಪ. ಬಂದು ಸರಿ ಮಾಡ್ಕೊಡ್ತೀನಿ,” ಎಂದರು.

ಬಂದರು. ಆ ಮಂಡಿ ಇಟ್ಟುಕೊಂಡು ಎರಡು ಶನಿವಾರ ಏಣಿ ಹತ್ತಿ ಸುತ್ತಲೂ ಸೀಲಂಟು ಮೆತ್ತಿದರು. ಗೆರೆ ಸೊಟ್ಟಪಟ್ಟ, ಕೈಯೆಲ್ಲ ಅಂಟು. ನಾನು ಗ್ಯಾರೇಜಿನ ನೆರಳಲ್ಲಿ ಕೈಕಟ್ಟಿಕೊಂಡು ನಿಂತಿದ್ದೆ. ಹೆಂಡತಿ ಕಾಫಿ ತಂದಾಗ ಕಣ್ಣಲ್ಲೇ ಬೇಡವೆಂದೆ. ಅವಳು ನನ್ನನ್ನು ಲೆಕ್ಕಿಸದೆ ಅವರಿಗೆ ಕೊಟ್ಟಳು. ಇಷ್ಟು ಸಾಲದೆಂಬಂತೆ ಯುಗಾದಿಯ ಊಟಕ್ಕೆ ಎಲ್ಲರೂ ಸೇರಿದಾಗ, ಹೋಳಿಗೆಯ ಸಾಲಿನಲ್ಲಿ ನಿಂತು, ಥಾರ್ನ್ಲಿಯವರ ಹತ್ತಿರ ಏನಾದರೂ ಕೊಳ್ಳುವ ಮುಂಚೆ ನನ್ನನ್ನು ಕೇಳಿ ಎಂದು ನಾಲ್ಕು ಜನರ ಕಿವಿಗೆ ಹಾಕಿದೆ. ಅವರಿಬ್ಬರೂ ಆ ದಿನ ಬಂದಿರಲಿಲ್ಲ. ಕದ್ದವರ ಲಕ್ಷಣ ಎಂದುಕೊಂಡೆ.

ಕಲೆ ಮಾತ್ರ ನಿಲ್ಲಲಿಲ್ಲ. ತಟ್ಟೆಯಗಲ ಇದ್ದದ್ದು ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಪರಾತದಷ್ಟಾಯಿತು. ಕಡೆಗೆ ಕ್ಯಾನಿಂಗ್ ವೇಲ್‌ನ ವರ್ಕ್‌ಶಾಪ್ ಶೆಡ್ಡುಗಳ ಕಡೆ, ಕ್ಯಾರವಾನ್ ರಿಪೇರಿ ಮಾಡುವ ಒಬ್ಬ ಹೆಂಗಸಿನ ಹತ್ತಿರ ಒಯ್ದೆ. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡ ಅವಳು ಒಳಗಿನ ಹಲಗೆಯನ್ನು ಅಲ್ಲಲ್ಲಿ ಕಿತ್ತು ನೋಡಿ, ನನ್ನನ್ನೂ ಒಳಗೆ ಹತ್ತಿಸಿ ತೋರಿಸಿದಳು. ಮಳೆನೀರು ಅಂಚಿನಿಂದ ನಡುವಿಗೆ ಬರುತ್ತದೆ, ನಿನ್ನ ಗಾಡಿಯಲ್ಲಿ ನಾಲ್ಕೂ ಅಂಚು ಬಿಸ್ಕತ್ತಿನಂತೆ ಒಣಗಿದೆ, ನಡುವೆ ಮಾತ್ರ ಒದ್ದೆ, ಅದೂ ಒಲೆಯ ನೆತ್ತಿಯ ಮೇಲೆ ಎಂದಳು. ಹಲಗೆಯ ಬಣ್ಣ ಯಾಕೆ ಅರಿಶಿನ ಎಂದು ಕೇಳಿದಳು. ಅಡುಗೆ ಮಾಡುವಾಗ ಕಿಟಕಿ ತೆಗೆಯುತ್ತೀಯಾ ಎಂದಳು. ಹೊರಡುವ ಬೆಳಿಗ್ಗೆ ಅಡುಗೆ ಮುಗಿಸಿ ಹಾಗೇ ಚಾವಣಿ ಇಳಿಸುತ್ತೀಯಾ ಎಂದಳು. ಒಂದೊಂದಕ್ಕೂ ನನ್ನ ತಲೆ ತಗ್ಗಿತು. ಆಮೇಲೆ ಗಾಳಿಕಿಂಡಿಯ ಹತ್ತಿರ ಅಂಟಿದ್ದ ಕಪ್ಪು ಕಾಳೊಂದನ್ನು ಉಗುರಿನಿಂದ ಕೆರೆದು, ಇದು ಯಾವ ಹುಳದ ಮೊಟ್ಟೆ ಎಂದು ತೋರಿಸಿದಳು.

ಅದು ಸಾಸಿವೆ. ಚಾವಣಿ ಕೊಳೆಸಿದ್ದು ಮಳೆಯಲ್ಲ, ನಮ್ಮದೇ ಅಡುಗೆಯ ಹಬೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದನ್ನು ಊರಿಗೆಲ್ಲ ಸಾರಿದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. “ಹೋಗಿ ಹೇಳು,” ಎಂದಳು.

“ಒಂದು ಮೆಸೇಜ್ ಹಾಕ್ತೀನಿ ಬಿಡು. ವರ್ಷ ಆಗಿದೆ, ಅವರೂ ಮರ್ತಿರ್ತಾರೆ.”

“ನೀನು ಮರ್ತಿದ್ದಿದ್ರೆ ಸರಿ. ಬೈದೋನೇ ಮರ್ತಿಲ್ಲ, ಬೈಸ್ಕೊಂಡೋರು ಮರೀತಾರಾ?”

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ಮೂರು ದಿನ ಅದೇ ಯೋಚನೆ. ಆ ಮನುಷ್ಯನ ಮಾನವನ್ನು ನಾಲ್ಕು ಜನರ ಮುಂದೆ ಕಳೆದವನು ನಾನು, ಅದನ್ನು ಹಿಂದಕ್ಕೆ ಕೊಡಬೇಕಾದವನೂ ನಾನೇ. ಮೊದಲು ಯುಗಾದಿಯ ದಿನ ನನ್ನ ಮಾತು ಕೇಳಿದವರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ ತಪ್ಪು ನನ್ನದೆಂದೆ. ಶನಿವಾರ, ಅಲ್ಲಲ್ಲಿ ಹಲಗೆ ಕಿತ್ತ ಚಾವಣಿಯ ಸಮೇತ ಗಾಡಿಯನ್ನು ಕಟ್ಟಿಕೊಂಡು ಥಾರ್ನ್ಲಿಗೆ ಹೊರಟೆ. ಸಾಕ್ಷಿ ಜೊತೆಗಿರಲಿ ಎಂದು.

ಬಾಗಿಲು ತೆಗೆದವರು ಅಂಕಲ್. ಒಳಗೆ ಬಾ ಎನ್ನುವ ಮುಂಚೆಯೇ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅಡುಗೆ, ಹಬೆ, ಜಿಪ್, ಸಾಸಿವೆ. “ನಿಮ್ಮದು ಏನೂ ತಪ್ಪಿರ್ಲಿಲ್ಲ ಅಂಕಲ್. ಕ್ಷಮಿಸ್ಬಿಡಿ.”

ಬೈಯುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಹಿಂದೆ ತಿರುಗಿ, “ಲೇ, ಬಾರೇ ಇಲ್ಲಿ! ಬೇಗ ಬಾ!” ಎಂದು ಕೂಗಿದರು.

ಆಂಟಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ವರ್ಷದಲ್ಲಿ ತುಂಬ ಇಳಿದುಹೋಗಿದ್ದರು. “ನೀರು ಸೋರಿದ್ದಲ್ವಂತೆ ಕಣೇ, ಇವರ ಅಡುಗೆ ಹಬೆಯಂತೆ,” ಎಂದು ಅವರಿಗೆ ಹೇಳಿ ಅಂಕಲ್ ನನ್ನ ಕಡೆ ತಿರುಗಿದರು, “ಆ ಸೀಲಂಟೆಲ್ಲ ಹಾಕ್ತಿದ್ದಿದ್ದು ಇವಳು ಕಣಪ್ಪ. ನಂದೇನಿದ್ರೂ ಏಣಿ ಹಿಡ್ಕೊಳ್ಳೋ ಕೆಲ್ಸ. ನಿನ್ನ ಫೋನ್ ಬಂದಾಗ ಪಕ್ಕದಲ್ಲೇ ಇದ್ಲು. ನನ್ನ ಕಣ್ಣು ಹೋಯ್ತು, ಕೈ ಹೋಯ್ತು ಅಂತ ಹೊಲಿಗೆ ಮೆಷಿನ್‌ಗೆ ಬಟ್ಟೆ ಮುಚ್ಚಿದ್ಲು. ಅವತ್ತಿಂದ ಕಾರಿನ ಸ್ಟೀರಿಂಗ್ ಮುಟ್ಟಿಲ್ಲ. ಎಲ್ಲಿಗೂ ಬರಲ್ಲ ಅಂತಾಳೆ. ನಾನು ಹೇಳಿದ್ರೆ ಕೇಳೋಳಲ್ಲ, ಸೀಲಂಟು ಬಿಟ್ಟಿದೆ ಅಂತ ನಾನೇ ನಂಬಿಬಿಟ್ಟಿದ್ದೆ.”

ಅಂಕಲ್ ಮಾನವೆಂದು ಮೂರು ದಿನ ಒದ್ದಾಡಿದ್ದ ನನಗೆ ಈ ಹೆಂಗಸಿನ ನೆನಪೇ ಬಂದಿರಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿಲ್ಲ. “ಆಂಟಿ...” ಎಂದೆ.

ಅವರಿಗೆ ನನ್ನ ಮಾತು ಬೇಕಾಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಡ್ರೈವ್‌ವೇಗೆ ನಡೆದು, “ಎತ್ತು,” ಎಂದರು. ನಾನು ಹಿಡಿಕೆ ತಿರುಗಿಸಿ ಚಾವಣಿ ಎತ್ತಿದೆ. ಒಳಗೆ ಹತ್ತಿ ಅಂಚಿನ ಮೇಲೆ ಹೆಬ್ಬೆರಳು ಊರಿ, ನಿಧಾನವಾಗಿ ನಾಲ್ಕೂ ಕಡೆ ಒತ್ತುತ್ತ ಹೋದರು. ಮೂಲೆಗಳಲ್ಲಿ ಎರಡೆರಡು ಸಲ ಒತ್ತಿದರು. ನಡುವಿನ ಅರಿಶಿನದ ಕಲೆಯನ್ನು ಕತ್ತೆತ್ತಿ ಬಹಳ ಹೊತ್ತು ನೋಡಿದರು.

“ಎಲ್ಲೂ ಬಿಟ್ಟಿಲ್ಲ,” ಎಂದರು, ತಮಗೆ ತಾವೇ. ಆಮೇಲೆ ನನ್ನ ಕಡೆ ತಿರುಗಿ, “ಒಂದು ವರ್ಷದಿಂದ ಮುದುಕಿ ಆಗಿ ಕೂತಿದ್ನಲ್ಲೋ, ಪುಣ್ಯಾತ್ಮ,” ಎಂದರು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದರು.

ಕೆಳಗಿಳಿದು ಬಂದು ಅಂಕಲ್ ಮುಂದೆ ಕೈ ಚಾಚಿದರು. “ರೀ, ಕಾರ್ ಕೀ ಕೊಡಿ. ಹಾಲು ಮುಗಿದಿದೆ, ಇವನಿಗೆ ಕಾಫಿ ಕೊಡ್ಬೇಕಲ್ಲ.”

“ನಾನು ತರ್ತೀನಿ ಆಂಟಿ,” ಎಂದೆ.

“ನೀನು ಮೊದ್ಲು ನಿನ್ನ ಗಾಡಿ ತೆಗಿ,” ಎಂದರು.

ನನ್ನ ಕ್ಯಾಂಪರ್ ಅವರ ಕಾರಿಗೆ ಅಡ್ಡ ನಿಂತಿತ್ತು. ಚಾವಣಿ ಇಳಿಸಿ, ಓಡಿಹೋಗಿ ತೆಗೆದೆ.