ಶೇಖಾ ತಫೀದಾಳ ಗೆಣ್ಣು

ಶೇಖಾ ತಫೀದಾ ಸತ್ತು ಮೂರು ವರ್ಷವಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆಡುವುದಕ್ಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ.

ನಮ್ಮ ದಸೂಕ್ ಪಟ್ಟಣದ ಹೆಂಗಸರಿಗೆ ಕುರ್‌ಆನ್ ಓದುವ ಕ್ರಮ, ಅಂದರೆ ತಜ್ವೀದ್, ಕಲಿಸುತ್ತಿದ್ದ ಕುರುಡಿ ಅವಳು. ಕಲಿಸುವ ಹೆಂಗಸನ್ನು ನಾವು ಶೇಖಾ ಅನ್ನುತ್ತೇವೆ. ಫೂಲ್ ಕಾಳು ಬೇಯಿಸಿ ಮಾರುವ ಅಂಗಡಿಯ ಮೇಲೊಂದು ಕೋಣೆ, ಒಂದು ಮರದ ಮೇಜು, ಅದರ ಹಿಂದೆ ಅವಳು. ಓದುವಾಗ ತಪ್ಪಿದರೆ ಬೆರಳ ಗೆಣ್ಣಿನಿಂದ ಮೇಜು ತಟ್ಟುತ್ತಿದ್ದಳು. ಎಲ್ಲಿ ತಪ್ಪಿತೆಂದು ಹೇಳುತ್ತಿರಲಿಲ್ಲ. ಮೂರು ಸಲ ತಟ್ಟಿದಳೆಂದರೆ ಇಡೀ ಅಧ್ಯಾಯ ಮತ್ತೆ ಮೊದಲಿಂದ.

ಯಾವ ಅಕ್ಷರ ಗಂಟಲ ತಳದಿಂದ ಬರಬೇಕು, ಯಾವುದು ಮೂಗಿನಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಬಿಡಬಹುದು, ಎಲ್ಲಕ್ಕೂ ನಿಯಮ. ಎಳೆಯುವ ಸ್ವರಕ್ಕೆ ಬೆರಳು ಮಡಚುತ್ತಾ ಎಣಿಸುತ್ತಿದ್ದೆವು. ಆರು ಎಣಿಸಬೇಕಾದ ಕಡೆ ಐದೂವರೆಗೆ ಬಿಟ್ಟರೂ ಆ ಗೆಣ್ಣು ಬೀಳುತ್ತಿತ್ತು. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಒಮ್ಮೆ ದಮ್ಮು ಸಾಲದೆ ವಾಕ್ಯದ ನಡುವೆ ನಿಂತೆ. ತಟ್ಟಿದಳು.

"ಹೊಟ್ಟೇಲಿ ಮಗು ಇದೆ ಶೇಖಾ," ಅಂದೆ.

"ಅದೂ ಕೇಳಿಸ್ಕೊಳ್ತಿದೆ ಕಣೇ ಇನ್ಶಿರಾಹ್. ಹುಟ್ಟೋಕೆ ಮುಂಚೆನೇ ಅದಕ್ಕೆ ತಪ್ಪು ಕಲಿಸ್ತೀಯಾ?"

ಹನ್ನೊಂದು ವರ್ಷ ಅವಳ ಮುಂದೆ ಕೂತೆ, ಇಜಾಝಾಕ್ಕಾಗಿ. ಅದೊಂದು ಒಪ್ಪಿಗೆ ಪತ್ರ. ಗುರುವಿನಿಂದ ಗುರುವಿಗೆ ಪ್ರವಾದಿಯವರೆಗೂ ಏರುವ ಹೆಸರುಗಳ ಕೆಳಗೆ ನಮ್ಮ ಹೆಸರೂ ಸೇರುತ್ತದೆ. ಅದಿಲ್ಲದೆ ನಾನು ಯಾರಿಗೂ ಕಲಿಸುವಂತಿಲ್ಲ. ಮೂರು ಬಾರಿ ಪೂರ್ತಿ ಕುರ್‌ಆನ್ ಬಾಯಿಪಾಠ ಒಪ್ಪಿಸಿದೆ. ಮೂರು ಬಾರಿಯೂ ಅವಳದು ಒಂದೇ ಮಾತು: "ಇನ್ನೂ ಹಸಿ. ನಡಿ."

ಆಮೇಲೆ ಲಕ್ವ ಹೊಡೆದು ಅವಳ ಬಾಯಿ ಸೊಟ್ಟಗಾಯಿತು. ಸುದ್ದಿ ಕೇಳಿ ನನಗೆ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡೆ. ವಾರ ಕಳೆಯುವುದರೊಳಗೆ ಹೇಳಿ ಕಳಿಸಿದಳು.

"ನಾನು ಓದ್ತೀನಿ, ನೀನು ತಟ್ಟು," ಅಂದಳು. ಮಾತು ತೊದಲುತ್ತಿತ್ತು. "ಫಾತಿಹಾ ಒಂದೇ. ಅದನ್ನೊಂದ್ಸಲ ಸರಿಯಾಗಿ ಓದಿ ಸಾಯ್ಬೇಕು. ಉಳಿದೋರೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಅಂತ ಬೆಣ್ಣೆ ಹಚ್ತಾರೆ. ನಿನಗೆ ನನ್ನ ಕಂಡ್ರಾಗಲ್ಲ, ಅದಕ್ಕೇ ಕರೆಸ್ದೆ."

"ನನ್ನ ಪತ್ರ?"

"ನೆಟ್ಟಗೆ ತಟ್ಟು, ಕೊಡ್ತೀನಿ."

ದಿನಾ ಮಧ್ಯಾಹ್ನದ ನಮಾಜು ಮುಗಿಸಿ ಹೋಗುತ್ತಿದ್ದೆ. ಫಾತಿಹಾ ಅಂದರೆ ಕುರ್‌ಆನಿನ ಮೊದಲನೆಯದು, ಏಳು ವಾಕ್ಯಗಳ ಪುಟ್ಟ ಅಧ್ಯಾಯ, ಮಕ್ಕಳೂ ಓದುವಂಥದ್ದು. ಅವಳು ಎರಡನೆಯದನ್ನು ದಾಟುವುದರೊಳಗೆ ನಾನು ಮೂರು ಸಲ ತಟ್ಟಿಯಾಗಿರುತ್ತಿತ್ತು. ಎಂಥ ಖುಷಿ! ಹನ್ನೊಂದು ವರ್ಷದ್ದನ್ನು ಬಡ್ಡಿಸಮೇತ ತೀರಿಸಿದೆ. ಮುದುಕಿ ಒಮ್ಮೆಯೂ ಗೊಣಗಲಿಲ್ಲ, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು.

ಹದಿನೇಳನೆಯ ದಿನ ಒಂದೂ ತಪ್ಪದೆ ಕೊನೆಯ ವಾಕ್ಯಕ್ಕೆ ಬಂದಳು. ಅಲ್ಲೊಂದು ಅಕ್ಷರಕ್ಕೆ ನಾಲಿಗೆಯ ಅಂಚು ಮೇಲಿನ ದವಡೆಹಲ್ಲಿಗೆ ಒತ್ತಬೇಕು. ಅವಳ ನಾಲಿಗೆ ಅಲ್ಲಿಗೆ ಹೋಗಲಿಲ್ಲ. ಜೊಲ್ಲು ಸುರಿದು ಎದೆ ಒದ್ದೆಯಾಯಿತು. ತೋಳಿನಿಂದ ಒರೆಸಿಕೊಳ್ಳುತ್ತಲೇ ಮುಂದಕ್ಕೆ ಓದಿದಳು. ನನ್ನ ಕೈ ಏಳಲಿಲ್ಲ. ನನ್ನ ಹಾಳು ಕಣ್ಣಲ್ಲಿ ನೀರು ಬಂದಿತ್ತು.

"ಆಮೀನ್," ಅಂದು ಅವಳು ಕಾದಳು.

"ಸರಿಯಾಗಿ ಬಂತು ಶೇಖಾ," ಅಂದೆ.

"ಲಕ್ವ ಹೊಡೆದಿದ್ದು ಬಾಯಿಗೆ ಕಣೇ, ಕಿವಿಗಲ್ಲ. ಬೆಣ್ಣೆ ಹಚ್ದೇ ಇರೋಳು ನೀನೊಬ್ಬಳಿದೀಯ ಅಂದ್ಕೊಂಡಿದ್ದೆ. ಎದ್ದು ಹೋಗು."

ಮಾರನೆಯ ದಿನ ಬಹಳ ಹೊತ್ತು ಬಾಗಿಲು ಬಡಿದೆ. ಒಳಗೆ ಅವಳು ಒಬ್ಬಳೇ ಓದುತ್ತಿದ್ದಳು, ಅದೇ ಅಕ್ಷರದಲ್ಲಿ ಮುಗ್ಗರಿಸುತ್ತಿದ್ದಳು. ಬಾಗಿಲು ತೆಗೆಯಲಿಲ್ಲ. ಆ ವಾರವೇ ಸತ್ತಳು. ಪತ್ರ ಹಾಳಾಗಲಿ. ಅವತ್ತೊಂದು ದಿನ ಬಾಗಿಲು ತೆಗೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಕರುಣೆಯಿಲ್ಲದೆ ತಟ್ಟಬೇಕೆಂದು ಗಟ್ಟಿ ಮನಸ್ಸು ಮಾಡಿಯೇ ಹೋಗಿದ್ದೆ.